ಅರಿಶಿನದ ನೀರು

ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ಕೊಟ್ಟ ಮರ್ಯಾದೆಯಲ್ಲಿ ಅರ್ಧದಷ್ಟನ್ನು ನನ್ನ ತಾಯಿಗೆ ಕೊಟ್ಟಿದ್ದರೆ ಈ ಅಧ್ಯಾಯವನ್ನು ನಾನು ಬರೆಯಬೇಕಾಗಿರಲಿಲ್ಲ. ಕುಂದಾಣದ ಕಡೆಯ ಆ ಮನೆಗೆ ಮುಂದೆ ಜಗುಲಿ, ಜಗುಲಿ ದಾಟಿದರೆ ಹಜಾರ, ಹಜಾರ ದಾಟಿದರೆ ನಡುಮನೆ. ಹೊಗೆ ಸುಳಿಯದ, ಬಿಸಿಲು ಹೊಡೆಯದ, ಮನೆಯಲ್ಲೇ ತಂಪಾದ ಜಾಗ ಅದು. ಅಲ್ಲಿ ನಾವು ಯಾರೂ ಮಲಗುತ್ತಿರಲಿಲ್ಲ. ಹುಳು ಮಲಗುತ್ತಿದ್ದವು. ಗೋಡೆಯುದ್ದಕ್ಕೂ ಬೊಂಬಿನ ಅಟ್ಟಣೆ ಕಟ್ಟಿ, ಒಂದರ ಮೇಲೊಂದು ಬಿದಿರಿನ ತಟ್ಟೆ ಜೋಡಿಸಿ, ಹಿಪ್ಪುನೇರಳೆ ಸೊಪ್ಪು ಹಾಸಿ ಅವುಗಳನ್ನು ಸಾಕುತ್ತಿದ್ದರು. ಬೆಳೆ ಮುಗಿಯುವ ತನಕ ಒಂದು ತಿಂಗಳು ನಾವೆಲ್ಲ ಹಜಾರದಲ್ಲೂ ಜಗುಲಿಯಲ್ಲೂ ಚಾಪೆ ಹಾಸಿಕೊಂಡು ಹೊರಳಾಡಬೇಕು. ಆ ಒಂದು ತಿಂಗಳು ಸಾರಿಗೆ ಒಗ್ಗರಣೆ ಇಲ್ಲ, ಘಾಟು ಹುಳಕ್ಕೆ ಆಗುವುದಿಲ್ಲ. ಮುಟ್ಟಾದವರು ನಡುಮನೆಯ ಹೊಸಿಲು ದಾಟುವಂತಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಬಾವಿಯ ಹತ್ತಿರವೇ ತಲೆಗೆ ನೀರು ಹುಯ್ದುಕೊಂಡು ಬರಬೇಕು. ಹೊರಗಿನವರು ಬಂದು ‘ಹುಳ ಚೆನ್ನಾಗಿ ಎದ್ದಿವೆಯಾ’ ಎಂದು ಕೇಳಿದರೆ ಅಜ್ಜಿ ‘ಏನೋ ಇವೆ ಕಣಪ್ಪ’ ಎಂದು ಮುಖ ಗಂಟು ಹಾಕಿಕೊಂಡೇ ಹೇಳುತ್ತಿದ್ದಳು. ಚೆನ್ನಾಗಿವೆ ಎಂದರೆ ದೃಷ್ಟಿಯಾಗುತ್ತದೆ.

ಮನೆಯ ಯಜಮಾನ ನನ್ನ ದೊಡ್ಡಪ್ಪ ಮುನಿಯಪ್ಪ. ಅವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ, ಎದುರಿಗಿದ್ದಾಗ ಬಹುವಚನ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ನನ್ನಪ್ಪ ಮುನಿರಾಜು ಅವನ ತಮ್ಮ. ಅಣ್ಣ ಹಾಕಿದ ಗೆರೆ ದಾಟದ ತಮ್ಮ ಎಂದು ಊರೆಲ್ಲ ಹೊಗಳುತ್ತಿತ್ತು. ಆ ಹೊಗಳಿಕೆಯ ಖರ್ಚನ್ನೆಲ್ಲ ಹೊತ್ತವಳು ನನ್ನಮ್ಮ ನಂಜಮ್ಮ. ಮಿಕ್ಕಂತೆ ಅಜ್ಜಿ, ದೊಡ್ಡಮ್ಮ, ದೊಡ್ಡಪ್ಪನ ಮಗ ನಾಗರಾಜ, ನಾನು. ಹುಳದ ವಿಷಯದಲ್ಲಿ ಮಾತ್ರ ಯಜಮಾನಿಕೆ ನನ್ನಮ್ಮನದು. ಅವಳ ಕೈಗುಣ ಅಂಥದ್ದು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂತರೆ ಜ್ವರಕ್ಕೆ ಕೂತವು ಎನ್ನುತ್ತಾರೆ. ಹಾಗೆ ನಾಲ್ಕು ಜ್ವರ ದಾಟಿ, ಪೊರೆ ಬಿಟ್ಟು ಎದ್ದ ಮೇಲೆ ಅವಕ್ಕೆ ಬಕಾಸುರನ ಹಸಿವು. ಯಾವ ತಟ್ಟೆಗೆ ಎಷ್ಟು ಸೊಪ್ಪು, ಎಷ್ಟು ಹೊತ್ತಿಗೆ ಎಂಬುದನ್ನು ಅಮ್ಮ ತಟ್ಟೆಯ ಮೇಲೆ ಬಗ್ಗಿ, ಹುಳು ಮೇಯುವ ಸದ್ದು ಕೇಳಿಯೇ ಹೇಳಿಬಿಡುತ್ತಿದ್ದಳು. ದೊಡ್ಡಮ್ಮ ಹಾಕಿದ ಸೊಪ್ಪು ಮಿಕ್ಕಿ ಬಾಡುತ್ತಿತ್ತು, ಅಮ್ಮ ಹಾಕಿದ ಸೊಪ್ಪಿನಲ್ಲಿ ನರ ಮಾತ್ರ ಉಳಿಯುತ್ತಿತ್ತು. ದೊಡ್ಡಪ್ಪನೇ ಗೂಡು ಮಾರಿ ಬಂದ ದಿನ ‘ನಮ್ ಮುನಿರಾಜನ ಹೆಂಡ್ತಿ ಕೈ ಕಣಯ್ಯ’ ಎಂದು ಜಗುಲಿಯ ಮೇಲೆ ಕೂತು ಹೇಳುತ್ತಿದ್ದ.

ಅಮ್ಮ ಕ್ರೈಸ್ತಳಾದದ್ದು ಹೇಗೆ ಎಂದು ಬಹಳ ಜನ ನನ್ನನ್ನು ಕೇಳಿದ್ದಾರೆ, ಕೇಳುವಾಗ ಕಣ್ಣಲ್ಲಿ ಒಂದು ಸಣ್ಣ ಸಂಶಯ ಇಟ್ಟುಕೊಂಡು. ಅಕ್ಕಿ ಕೊಟ್ಟರಾ, ಬಟ್ಟೆ ಕೊಟ್ಟರಾ? ಮೂವತ್ತು ತಟ್ಟೆ ಹುಳ ಸಾಕುವ ಮನೆಯ ಸೊಸೆಗೆ ಯಾವ ಅಕ್ಕಿ ಕೊಡಬೇಕಿತ್ತು, ಮಹಾರಾಯರೇ? ನನ್ನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳು ಹುಟ್ಟಿದ ದಿನವೇ ಹೋದವು. ಎರಡನೆಯದು ಹೋದಾಗ ಸೂತಕ ಕಳೆದ ಹನ್ನೊಂದನೆಯ ದಿನವೇ ಅಜ್ಜಿ ಬಂದು ‘ಹೋದದ್ದು ಹೋಯ್ತು, ಹುಳ ಜ್ವರದಿಂದ ಎದ್ದವೆ, ಬಾ’ ಎಂದಳು. ಅಮ್ಮನ ಪಕ್ಕದಲ್ಲಿ ಸುಮ್ಮನೆ ಕೂತು, ಅವಳ ಕೈ ಹಿಡಿದುಕೊಂಡು, ಆ ಮಗು ಹೇಗಿತ್ತು ಎಂದು ಕೇಳಿದವರು ಒಬ್ಬರೇ. ಊರಿನ ಉಪಕೇಂದ್ರದ ನರ್ಸಮ್ಮ, ಏಸ್ತೇರಮ್ಮ. ಕಾಲೋನಿಯಲ್ಲಿ ಹುಟ್ಟಿ ಓದಿ ನರ್ಸಾದವರು. ಅವರ ಚೀಲದಲ್ಲಿ ಮಾತ್ರೆಗಳ ಜೊತೆ ಕಪ್ಪು ರಟ್ಟಿನ ಸತ್ಯವೇದ ಇರುತ್ತಿತ್ತು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿದ್ದ ನಾನೇ ಮೊರದಲ್ಲಿ ರಾಗಿ ಹಿಟ್ಟು ಹರವಿ, ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸಿದೆ. ಆರು ತಿಂಗಳಲ್ಲಿ ಓದುವುದನ್ನು ಕಲಿತು, ಒಂದು ದಿನ ಬಟ್ಟೆ ಒಗೆಯಲು ಹೋಗುತ್ತೇನೆ ಎಂದು ಹೇಳಿ ಕೆರೆಗೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡು, ಒಗೆದ ಬಟ್ಟೆಯ ಗಂಟನ್ನೂ ಹೊತ್ತು ತಂದಳು. ಸುಳ್ಳು ಹೇಳಬಾರದಲ್ಲ, ಬಟ್ಟೆಯನ್ನೂ ನಿಜವಾಗಿ ಒಗೆದಿದ್ದಳು.

ಭಾನುವಾರಗಳಲ್ಲಿ ಏಸ್ತೇರಮ್ಮನ ಹತ್ತಿರ ಔಷಧಿ ತರುವ ನೆಪ ಹೇಳಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ದ್ರಾಕ್ಷಿ ತೋಟವೊಂದರ ಪಕ್ಕದಲ್ಲಿ ಶೀಟು ಹೊದಿಸಿದ ಪ್ರಾರ್ಥನೆ ಮನೆ. ನನಗೆ ಅಲ್ಲಿಯ ಹಾಡು ಇಷ್ಟ, ಆಮೇಲೆ ಕೊಡುವ ಬನ್ನು ಇನ್ನೂ ಇಷ್ಟ. ಒಂದು ಭಾನುವಾರ ಕರ್ತನ ಭೋಜನ ಇತ್ತು, ಏಸುವಿನ ನೆನಪಿಗೆ ರೊಟ್ಟಿ ತಿಂದು ದ್ರಾಕ್ಷಾರಸ ಕುಡಿಯುವ ದಿನ. ಪಾಸ್ಟರಯ್ಯ ಒಂದು ಬೆಳ್ಳಿ ಬಣ್ಣದ ಬಟ್ಟಲು ಹಿಡಿದು ಸಾಲಿನಲ್ಲಿ ಬಂದರು. ಅಮ್ಮನ ಬಲಗಡೆ ಕೂತಿದ್ದವಳು ಪಾಪಕ್ಕ. ಪಾಪಕ್ಕ ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯಲು ಬರುತ್ತಿದ್ದ ಕಾಲೋನಿಯ ಹೆಂಗಸು. ನಮ್ಮ ಮನೆಯಲ್ಲಿ ಅವಳಿಗೆ ಊಟ ಕೊಟ್ಟಿಗೆಯಲ್ಲಿ. ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅವಳಿಗೆಂದು ಒಂದು ಸಿಲವಾರದ ತಟ್ಟೆ, ಒಂದು ಸಿಲವಾರದ ಲೋಟ. ತಿಂದು ಅವಳೇ ತೊಳೆದಿಡಬೇಕು. ನೀರು ಬೇಕಾದರೆ ನಾನು ಮೇಲಿನಿಂದ ಹುಯ್ಯುತ್ತಿದ್ದೆ, ಚೊಂಬು ಅವಳ ಲೋಟಕ್ಕೆ ತಗುಲದ ಹಾಗೆ. ಅದರಲ್ಲಿ ನಾನು ಭಾರಿ ಜಾಣೆ ಎಂದು ಅಜ್ಜಿ ಮೆಚ್ಚಿಕೊಂಡಿದ್ದಳು. ಅಂದು ಆ ಬಟ್ಟಲಿಂದ ಪಾಪಕ್ಕ ಒಂದು ಗುಟುಕು ಕುಡಿದಳು. ಪಾಸ್ಟರಯ್ಯ ಅದನ್ನೇ ಅಮ್ಮನ ಮುಂದೆ ಹಿಡಿದರು. ಅಮ್ಮ ಒಂದು ಕ್ಷಣವೂ ತಡೆಯದೆ ಕುಡಿದಳು. ನನಗೆ ಮೈ ಜುಮ್ಮೆಂದಿತು. ಅದು ಭಕ್ತಿಯಲ್ಲ, ಹೇಸಿಗೆ. ಹತ್ತು ವರ್ಷದ ಹುಡುಗಿಯ ಮೈಯೊಳಗೆ ಆ ಹೇಸಿಗೆಯನ್ನು ಯಾವಾಗ, ಯಾರು ತುಂಬಿಟ್ಟಿದ್ದರೋ.

ಮನೆಗೆ ಬಂದ ಅಮ್ಮ ತಟ್ಟೆ ಬದಲಾಯಿಸಿ, ಹಿಕ್ಕೆ ತೆಗೆದು, ಮುಂದಿನ ಎರಡು ದಿನಕ್ಕೆಂದು ಮೂರು ಹೊರೆ ಸೊಪ್ಪು ತಂದು ಸೊಪ್ಪಿನ ಮೂಲೆಯಲ್ಲಿ ಗೋಣಿ ಮುಚ್ಚಿಟ್ಟಳು. ಹುಳು ನಾಲ್ಕನೇ ಜ್ವರದಿಂದ ಆಗತಾನೆ ಎದ್ದಿದ್ದವು. ಸಂಜೆ ಎಲ್ಲರೂ ಮುದ್ದೆಯ ಮುಂದೆ ಕೂತಾಗ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ.

“ಅಜ್ಜೀ, ಇವತ್ತು ಪಾಪಕ್ಕ ಕುಡಿದ ಬಟ್ಲಲ್ಲೇ ಅಮ್ಮನೂ ಕುಡಿದ್ಲು. ತೊಳೀಲೇ ಇಲ್ಲ!”

ದೊಡ್ಡಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅಮ್ಮನ ಕಡೆ ನೋಡಲಿಲ್ಲ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡಿದರೆ ಮರ್ಯಾದೆಗೆ ಕಡಿಮೆ.

“ಮುನಿರಾಜ, ಕೇಳು ನಿನ್ ಹೆಂಡ್ತೀನ. ಈ ಮಗ ಹೇಳ್ತಿರೋದು ದಿಟವಾ?”

ಅಪ್ಪ ಕೇಳಲಿಲ್ಲ. ಮುದ್ದೆ ಮುರಿಯುತ್ತಾ ಕೂತಿದ್ದ. ಅಮ್ಮನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು.

“ದಿಟ ಭಾವ. ಒಂದೇ ಬಟ್ಲು. ಎಲ್ರೂ ಕುಡಿದ್ರು, ನಾನೂ ಕುಡಿದೆ. ಮುಳುಗಿಸ್ಕೊಂಡೂ ಆಗೈತೆ. ನಿಮ್ಗೆ ಹೇಳ್ಬೇಕು ಅಂತಿದ್ದೆ.”

ದೊಡ್ಡಪ್ಪ ಆ ಮರ್ಯಾದೆಯನ್ನೂ ಮರೆತು ನೇರವಾಗಿ ಅವಳ ಕಡೆ ತಿರುಗಿದ.

“ನೋಡಮ್ಮ, ನಿನ್ ಏಸು ಸ್ವಾಮೀನ ಬೇಕಾದ್ರೆ ತಂದು ದೇವರ ಗೂಡಲ್ಲಿ ಮುನೇಶ್ವರನ ಪಕ್ಕದಾಗೆ ಇಟ್ಕೊ. ಒಂದ್ ಊದಿನಕಡ್ಡಿ ಅವನಿಗೂ ಹಚ್ಚು. ಬ್ಯಾಡ ಅನ್ನೋನಲ್ಲ ನಾನು. ಆದ್ರೆ ಕಾಲೋನಿಯೋರ ಎಂಜಲು ಕುಡಿದ ಬಾಯಿಟ್ಕೊಂಡು ನನ್ ಹುಳದ ಮನೆಗೆ ಕಾಲಿಡಬ್ಯಾಡ. ನಾಳೆ ಗುಡಿಗೋಗಿ ತಪ್ಪಾಯ್ತು ಅಂತ ತೀರ್ಥ ಕುಡಿ, ಮಾತು ಅಲ್ಲಿಗೇ ಮುಗೀತದೆ.”

“ತಪ್ಪು ಮಾಡಿದ್ರೆ ತಪ್ಪಾಯ್ತು ಅನ್ನಬೌದು ಭಾವ. ಇದನ್ನ ಹೆಂಗೆ ಅನ್ಲಿ?”

ಮತಾಂತರ, ಧರ್ಮ, ಸಂಸ್ಕೃತಿ ಎಂದು ಇವತ್ತು ಮೈಕು ಹಿಡಿದು ಗಂಟಲು ಹರಿದುಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ದೊಡ್ಡಪ್ಪನ ಆ ಮಾತು ನೆನಪಾಗುತ್ತದೆ. ಅವನಾದರೂ ಪ್ರಾಮಾಣಿಕ. ದೇವರ ಬಗ್ಗೆ ಅವನಿಗೆ ತಕರಾರೇ ಇರಲಿಲ್ಲ, ತಕರಾರು ಲೋಟದ ಬಗ್ಗೆ. ಸೊಪ್ಪನ್ನು ಕೊಯ್ಯುವವಳು ಪಾಪಕ್ಕ, ಹೊರೆ ಕಟ್ಟಿ ತರುವವಳು ಪಾಪಕ್ಕ, ಅದಕ್ಕೆ ಮೈಲಿಗೆ ಇಲ್ಲ. ಅದೇ ಪಾಪಕ್ಕನ ಜೊತೆ ಒಂದು ಗುಟುಕು ಕುಡಿದವಳು ಮುಟ್ಟಿದರೆ ಹುಳು ಸಾಯುತ್ತವೆ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥ ಮಾಡಿಕೊಳ್ಳುವ ಇಷ್ಟವೂ ಈಗ ಇಲ್ಲ.

ಅಂದೇ ಅಮ್ಮನ ಚಾಪೆ, ದಿಂಬು, ಎರಡು ಸೀರೆ ಕೊಟ್ಟಿಗೆಗೆ ಹೋದವು. ಕೊಟ್ಟಿಗೆಯ ಒಂದು ತುದಿಯಲ್ಲಿ ಹುಲ್ಲು ತುಂಬುವ ಸಣ್ಣ ಕೋಣೆ ಇತ್ತು, ಅದೇ ಅವಳ ಮನೆ. ಗೋಡೆಗೂಡಿನಲ್ಲಿ ಪಾಪಕ್ಕನ ತಟ್ಟೆಯ ಪಕ್ಕ ಇನ್ನೊಂದು ಸಿಲವಾರದ ತಟ್ಟೆ, ಇನ್ನೊಂದು ಲೋಟ ಬಂತು. ಅದನ್ನು ತಂದಿಟ್ಟವನು ನನ್ನಪ್ಪ. ಕೇಳಿದರೆ ‘ಅಣ್ಣ ಹೇಳವ್ನೆ’ ಎಂದ. ದೊಡ್ಡಪ್ಪನನ್ನು ಯೋಚಿಸಿದರೆ ನನಗೆ ಬರುವ ಸಿಟ್ಟು ಒಂದು ತೂಕವಾದರೆ, ಆ ತಟ್ಟೆ ಹಿಡಿದುಕೊಂಡು ಅಂಗಳ ದಾಟಿದ ಅಪ್ಪನ ಬೆನ್ನು ನೆನೆದಾಗ ಬರುವ ಸಿಟ್ಟು ಹತ್ತು ತೂಕ.

ಹಾಗಾದರೆ ನಾನೇನು ಕಡಿಮೆ? ಮಾರನೆಯ ಬೆಳಗ್ಗೆ ಎದ್ದರೆ ನಾಗರಾಜ ‘ಪಾಪಕ್ಕನ ಮಗಳು ಬಂದ್ಲು, ದೂರ ನಿಂತ್ಕೊಳ್ಳೇ’ ಎಂದು ಹುಡುಗರೆದುರು ಕುಣಿಯುತ್ತಿದ್ದ. ಬಾವಿಯ ಹತ್ತಿರ ಹುಡುಗಿಯರು ನನ್ನ ಕೊಡ ಬಂದರೆ ತಮ್ಮ ಕೊಡ ಸರಿಸಿಕೊಂಡರು. ನನಗೆ ಅಮ್ಮನ ಮೇಲೆ ಉರಿದುಹೋಯಿತು. ಬಾಯಿ ಮುಚ್ಚಿಕೊಂಡು ತೀರ್ಥ ಕುಡಿದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಅಷ್ಟರಲ್ಲಿ ಒಳಗೆ ಸೊಪ್ಪಿನ ಪಂಚಾಯ್ತಿ ನಡೆದಿತ್ತು. ಹಿಂದಿನ ಸಂಜೆ ಅಮ್ಮ ಮುಟ್ಟಿ ಇಟ್ಟ ಮೂರು ಹೊರೆ ಸೊಪ್ಪನ್ನು ಏನು ಮಾಡುವುದು? ಬಿಸಾಡುವಂತಿಲ್ಲ, ಹುಳು ಬಾಯಿ ತೆರೆದು ಕೂತಿವೆ, ತೋಟದಲ್ಲಿ ಬೇರೆ ಸೊಪ್ಪು ಬಲಿಯಲು ಇನ್ನೂ ಎರಡು ದಿನ ಬೇಕು. ಶುದ್ಧ ಮಾಡಿ ಹಾಕುವುದು ಎಂದು ತೀರ್ಮಾನವಾಯಿತು. ದೊಡ್ಡಪ್ಪ ಚೊಂಬಿನಲ್ಲಿ ಗಂಜಲಕ್ಕೆ ಅರಿಶಿನ, ನೀರು ಬೆರೆಸಿ, ತುಳಸಿ ಕಡ್ಡಿ ಹಾಕಿ ನನ್ನ ಕೈಗೆ ಕೊಟ್ಟ.

“ಮೂರೇ ಸಲ ಚಿಮುಕಿಸು ಮಗ. ಸೊಪ್ಪು ಒದ್ದೆ ಆಗಬಾರದು, ಗೊತ್ತಲ್ಲ? ನೀನು ನಮ್ಮನೆ ಮಗು. ನಿನ್ ಕೈಲೇ ಆಗಲಿ.”

ಒದ್ದೆ ಸೊಪ್ಪು ಹುಳಕ್ಕೆ ವಿಷ ಎಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ‘ನೀನು ನಮ್ಮನೆ ಮಗು’ ಎಂದನಲ್ಲ, ಆ ಮಾತು ತಲೆಗೆ ಹತ್ತಿತು. ಸೊಪ್ಪಿನ ಮೂಲೆಯಲ್ಲಿ ನಾನೊಬ್ಬಳೇ. ಮೂರು ಸಲ ಚಿಮುಕಿಸಿದೆ. ಸಾಲದು ಅನ್ನಿಸಿತು. ಅಮ್ಮನ ಬೆರಳು ಎಲ್ಲೆಲ್ಲಿ ತಗುಲಿತ್ತೋ ಅಲ್ಲೆಲ್ಲ ಅವಳು ಇನ್ನೂ ಅಂಟಿಕೊಂಡಿದ್ದಾಳೆ ಅನ್ನಿಸಿತು. ಚೊಂಬನ್ನೇ ಬಗ್ಗಿಸಿದೆ. ಹೊರೆ ಬಿಚ್ಚಿ ಮಗುಚಿ ಹಾಕಿ, ಅಡುಗೆಮನೆಯಿಂದ ಅರಿಶಿನ ಕದ್ದು, ಇನ್ನೆರಡು ಚೊಂಬು ನೀರಿಗೆ ಕಲಸಿ, ಬುಡದ ತನಕ ಹುಯ್ದೆ. ಮೇಲೆ ಗೋಣಿ ಮುಚ್ಚಿ, ಹೊರಗೆ ಬಂದು ಕೈ ತೊಳೆದುಕೊಂಡೆ. ನಾನು ಈಗ ಚೊಕ್ಕಟ, ಇನ್ನು ಯಾರೂ ನನಗೆ ಪಾಪಕ್ಕನ ಮಗಳು ಎನ್ನುವಂತಿಲ್ಲ ಎಂದು ನೆಮ್ಮದಿಯಾಯಿತು.

ಆ ಸೊಪ್ಪನ್ನು ದೊಡ್ಡಮ್ಮ ಎರಡು ದಿನ ಹಾಕಿದಳು. ಗೋಣಿ ಯಾವಾಗಲೂ ನೀರು ಚಿಮುಕಿಸಿ ಮುಚ್ಚುವಂಥದ್ದು, ಹಾಗಾಗಿ ಕೈಗೆ ತೇವ ತಗುಲಿದರೂ ಅವಳಿಗೆ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಅಮ್ಮನಿಗೆ. ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮನೆ ಮಂದಿಯ ಬಟ್ಟೆ ಒಗೆಯುವುದಕ್ಕೆ ಮಾತ್ರ ಅವಳ ಮೈಲಿಗೆ ಅಡ್ಡ ಬಂದಿರಲಿಲ್ಲ. ಗಾಳಿಯಲ್ಲಿ ಏನೋ ಮೂಸಿ, ಒಗೆಯುವುದನ್ನು ಬಿಟ್ಟು ಎದ್ದು ನಿಂತು ಕೂಗಿದಳು.

“ಅಕ್ಕಾ, ಸೊಪ್ಪು ಬೆವೆತು ಬಿಸಿ ಆಗೈತೆ, ಇಲ್ಲಿಗೇ ವಾಸನೆ ಬರ್ತೈತೆ! ದಮ್ಮಯ್ಯ ಅಂತೀನಿ, ಹಾಕಬ್ಯಾಡಿ, ಹರವಿ ನೋಡಿ!”

“ನೋಡ್ರವ್ವಾ, ಹುಳ ಮುಟ್ಟಬ್ಯಾಡ ಅಂದ್ರೆ ಅಲ್ಲಿಂದ್ಲೇ ಕಣ್ಣು ಹಾಕ್ತಾಳೆ,” ಎಂದು ದೊಡ್ಡಮ್ಮ ನಡುಮನೆಯ ಬಾಗಿಲು ಮುಂದೆ ಮಾಡಿದಳು.

ಮೂರನೆಯ ದಿನ ಹುಳು ಮೇಯುವ ಸದ್ದು ನಿಂತಿತು. ಮೈ ಸಡಿಲವಾಗಿ, ಮುಟ್ಟಿದರೆ ಮೆತ್ತಗೆ, ತಟ್ಟೆಯ ಅಂಚಿಗೆ ಬಂದು ಜೋತುಬಿದ್ದವು. ಸಪ್ಪೆ ರೋಗ. ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ ನಾರತೊಡಗಿದವು. ಮೂವತ್ತು ತಟ್ಟೆ ಹುಳವನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಯಾಚೆ ಗುಂಡಿ ತೋಡಿ ಮುಚ್ಚಿದರು. ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ. ಅಜ್ಜಿ ಹಳೆಯ ಕೈ, ಅವಳು ದೇವರನ್ನೂ ದಿಂಡರನ್ನೂ ಎಳೆದು ತರಲಿಲ್ಲ. ನೇರವಾಗಿ ಕೇಳಿದಳು.

“ಇದು ಒದ್ದೆ ಸೊಪ್ಪಿನ ಕಾಯಿಲೆ. ಸೊಪ್ಪಿಗೆ ನೀರು ಹುಯ್ದೋರು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ದೊಡ್ಡಪ್ಪ ನನ್ನ ಕಡೆ ತಿರುಗುತ್ತಿದ್ದ. ಅಷ್ಟರಲ್ಲಿ ಅಮ್ಮ ಬಾಯಿ ತೆರೆದಳು.

“ನನ್ ಕೈ ತಗುಲಿದ್ ಸೊಪ್ಪು ತಾನೆ ಅತ್ತೆ. ನನ್ ತಲೆ ಮೇಲೇ ಹಾಕಿ. ಬ್ಯಾರೆಯೋರನ್ನ ಯಾಕೆ ಕೇಳ್ತೀರಿ?”

ಅಷ್ಟು ಸಾಕಾಯಿತು. ದೊಡ್ಡಪ್ಪ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಇವಳು ಶಿಲುಬೆ ಮುಂದೆ ಪ್ರಾರ್ಥನೆ ಮಾಡಿ ಮನೆಯ ಲಕ್ಷ್ಮಿಯನ್ನು ಓಡಿಸಿದಳು, ಬಾಯಿಬಿಟ್ಟು ಒಪ್ಪಿಕೊಂಡಳಲ್ಲ ಎಂದ. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನೂ ತಲೆ ತಗ್ಗಿಸಿ ನಿಂತಿದ್ದೆ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಅದೃಷ್ಟಕ್ಕೆ ಅಮ್ಮನಿಗೆ ಏನೂ ಗೊತ್ತಿಲ್ಲ, ಏನೋ ಪ್ರಾರ್ಥನೆಯ ಜೋರಿನಲ್ಲಿ ಹಾಗೆ ಅಂದಳು ಎಂದುಕೊಂಡು, ಅಜ್ಜಿಯ ಪಕ್ಕ ಕೂತು ಊಟ ಮಾಡಿದೆ.

ಹನ್ನೆರಡು ವರ್ಷ ಅಮ್ಮ ಆ ಹುಲ್ಲಿನ ಕೋಣೆಯಲ್ಲಿದ್ದಳು. ಪಾಂಡವರ ವನವಾಸವೂ ಹನ್ನೆರಡೇ ವರ್ಷ, ಆದರೆ ದ್ರೌಪದಿಯ ಜೊತೆ ಗಂಡಂದಿರೂ ಕಾಡಿಗೆ ಹೋಗಿದ್ದರು. ಶುರುವಿನಲ್ಲೇ ವಿಷಯ ತಿಳಿದು ಪಾಸ್ಟರಯ್ಯ ಬಂದರು. ಪಾಪ, ಒಳ್ಳೆಯವರೇ. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಈ ಕತ್ತಲೆಯವರನ್ನು ಬಿಟ್ಟು ಬಾರಮ್ಮ, ದೇವನಹಳ್ಳಿಯಲ್ಲಿ ಒಂದು ಕೋಣೆ ಕೊಡಿಸುತ್ತೇವೆ, ನಿನಗೆ ಇನ್ನು ಇವರೊಂದಿಗೆ ಏನು ಸಂಬಂಧ ಎಂದು ಜಗುಲಿಗೆ ಕೇಳುವ ಹಾಗೆ ಹೇಳಿದರು. ಅಮ್ಮ ಸೆರಗು ಕಟ್ಟಿಕೊಂಡು ಹೇಳಿದ್ದು ನನಗೆ ಕೇಳಿಸಿತು.

“ಅಯ್ಯಾ, ನಾನು ಸ್ವಾಮೀನ ಬಿಡಾಕಿಲ್ಲ. ಈ ಮನೇನೂ ಬಿಡಾಕಿಲ್ಲ. ತಾಳಿ ಕಟ್ಟುಸ್ಕೊಂಡು ಬಂದಿರೋಳು ನಾನು. ಬಿಡೋದಾದ್ರೆ ಅವರೇ ಬಿಡ್ಲಿ, ನೀವೂ ಬೇಕಾದ್ರೆ ಬಿಡಿ.”

ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಒಳಗೆ ಸತ್ತವರಿಗೆ ಎಡೆ ಇಡುವಾಗ ಅಮ್ಮ ಎರಡು ವೀಳ್ಯದೆಲೆ, ಒಂದು ಅಡಿಕೆ ನನ್ನ ಕೈಗೆ ಕೊಟ್ಟು ‘ನಿಮ್ಮ ತಾತನ ಎಡೆ ಹತ್ರ ಇಡು, ನಾನು ಕೊಟ್ಟೆ ಅಂತ ಹೇಳಬ್ಯಾಡ’ ಎನ್ನುತ್ತಿದ್ದಳು. ಅದು ಪಾಸ್ಟರಯ್ಯನ ಕಿವಿಗೆ ಬಿದ್ದು ಅಲ್ಲೂ ಬೈಸಿಕೊಂಡಳು, ಮೂರು ತಿಂಗಳು ಅವಳಿಗೆ ಬಟ್ಟಲು ಕೊಡಲಿಲ್ಲ. ಇಲ್ಲಿ ಆ ಬಟ್ಟಲು ಮುಟ್ಟಿದ್ದಕ್ಕೆ ಶಿಕ್ಷೆ, ಅಲ್ಲಿ ಈ ಎಲೆ ಮುಟ್ಟಿದ್ದಕ್ಕೆ ಶಿಕ್ಷೆ. ಈಗ ನಾನೂ ಅಮ್ಮನೂ ಹೋಗುವ ಸಭೆಯಲ್ಲಿ ಒಂದೇ ಬಟ್ಟಲೂ ಇಲ್ಲ, ಆರೋಗ್ಯದ ದೃಷ್ಟಿಯಿಂದ ಒಬ್ಬೊಬ್ಬರಿಗೂ ಬೆರಳುದ್ದದ ಪ್ಲಾಸ್ಟಿಕ್ ಲೋಟ ಬಂದಿವೆ. ಮೊದಲ ಸಲ ಅದನ್ನು ನನ್ನ ಕೈಗೆ ಕೊಟ್ಟಾಗ ನಾನು ಕುಡಿಯದೆ ಎದ್ದು ಹೊರಗೆ ಬಂದೆ.

ನನಗೆ ಹದಿನೈದು ತುಂಬಿದಾಗ ಅಜ್ಜಿಗೆ ಒಂದು ಮಗ್ಗುಲು ಬಿದ್ದುಹೋಯಿತು. ಹುಳದ ಮನೆಯೊಳಗೆ ಹೊಲಸು ಬೇಡ ಎಂದು ಅವಳನ್ನು ಹಜಾರದ ಮೂಲೆಗೆ ಹಾಕಿದರು. ದೊಡ್ಡಮ್ಮನಿಗೆ ವಾಕರಿಕೆ. ಎರಡನೆಯ ದಿನವೇ ದೊಡ್ಡಪ್ಪ ಅಂಗಳಕ್ಕೆ ಬಂದು ಗಾಳಿಗೆ ಹೇಳಿದಂತೆ ‘ಹಜಾರದ ತನಕ ಬಂದು ಅವ್ವನ್ನ ನೋಡ್ಕೊಂಡ್ರೆ ತಪ್ಪೇನಿಲ್ಲ’ ಎಂದ. ಹುಳಕ್ಕೆ ಸೊಪ್ಪು ಹಾಕುವುದಕ್ಕೆ ಮೈಲಿಗೆ, ಅತ್ತೆಯ ಹೇಲುಚ್ಚೆ ಬಳಿಯುವುದಕ್ಕೆ ಮೈಲಿಗೆಯಿಲ್ಲ! ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅಮ್ಮ ಹೋದಳು. ಎಂಟು ತಿಂಗಳು ಅಜ್ಜಿಯನ್ನು ಮಗ್ಗುಲು ಬದಲಿಸಿ, ಒರೆಸಿ, ಮುದ್ದೆ ಕಿವುಚಿ ಬಾಯಿಗಿಟ್ಟಳು. ಒಂದು ದಿನ ಅಜ್ಜಿ ಅವಳ ಕೈ ಹಿಡಿದುಕೊಂಡು ‘ನಂಜೀ, ನಿನ್ ಲೋಟದಾಗೇ ಒಂಚೂರು ನೀರು ಕೊಡೇ’ ಎಂದಳು. ಅಮ್ಮ ಸಿಲವಾರದ ಲೋಟದಲ್ಲಿ ತಂದು ಕುಡಿಸಿದಳು. ಅಜ್ಜಿಯನ್ನು ನಾನು ಕ್ಷಮಿಸಿದ್ದರೆ ಅದು ಆ ಒಂದು ಲೋಟ ನೀರಿಗಾಗಿ. ನಡುಮನೆಯ ಹೊಸಿಲು ಆ ಮೂಲೆಯಿಂದ ನಾಲ್ಕು ಹೆಜ್ಜೆ. ಎಂಟು ತಿಂಗಳಲ್ಲಿ ಒಂದು ದಿನವೂ ಯಾರೂ ಅಮ್ಮನನ್ನು ಅದರಾಚೆ ಕರೆಯಲಿಲ್ಲ.

ನನಗೆ ಮೇಷ್ಟ್ರ ಕೆಲಸ ಸಿಕ್ಕ ವರ್ಷ ಅಪ್ಪ ತೀರಿಕೊಂಡ. ಅವನನ್ನು ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅಮ್ಮ ತನ್ನ ಎರಡು ಸೀರೆ, ಸತ್ಯವೇದ ಗಂಟು ಕಟ್ಟಿದಳು. ‘ಇನ್ನು ಇಲ್ಲಿ ನನ್ನೋರು ಯಾರವ್ರೆ, ನಡಿ’ ಎಂದಳು. ದೊಡ್ಡಬಳ್ಳಾಪುರಕ್ಕೆ ಬಂದೆವು. ನಾನು ದೀಕ್ಷಾಸ್ನಾನ ತೆಗೆದುಕೊಂಡೆ, ನಂಬಿಕೆಯಿಂದಲೋ ಆ ಮನೆಯ ಮೇಲಿನ ಹಠದಿಂದಲೋ ಎಂದು ಕೇಳಿದರೆ ಸತ್ಯವಾಗಿ ಹೇಳುವುದು ಕಷ್ಟ. ನಂಬಿಕೆ ಆಮೇಲೆ ಬಂತು, ಬಂದದ್ದು ಉಳಿದಿದೆ. ಸಿಟ್ಟು ಕೂಡ ಉಳಿದಿದೆ. ಪ್ರತಿ ಪ್ರಾರ್ಥನೆಯಲ್ಲೂ ಅರಿಶಿನದ ನೀರು ನನ್ನ ಗಂಟಲಿಗೆ ಬಂದು ನಿಲ್ಲುತ್ತಿತ್ತು. ದೇವರಿಗೆ ಸಾವಿರ ಸಲ ಒಪ್ಪಿಸಿದೆ. ಅಮ್ಮನಿಗೆ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯಲ್ಲಿ ಉಂಡುಕೊಂಡು, ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೆ.

ಕಳೆದ ವರ್ಷ ನಾಗರಾಜ ಫೋನ್ ಮಾಡಿದ. ದೊಡ್ಡಪ್ಪ ದೊಡ್ಡಮ್ಮ ಹೋಗಿ ಬಹಳ ಕಾಲವಾಗಿತ್ತು. ಹಳೆ ಮನೆ ಕೆಡವುತ್ತಿದ್ದೇವೆ, ನಾಳಿದ್ದು ಜೆಸಿಬಿ ಬರುತ್ತದೆ, ಚಿಕ್ಕಮ್ಮನನ್ನು ಒಂದು ಸಲ ಕರೆದುಕೊಂಡು ಬಾ ಎಂದ. ನಾನು ಬೇಡವೆಂದೆ. ಎಂಬತ್ತು ದಾಟಿದ ಅಮ್ಮ ಆಗಲೇ ಸೀರೆ ಬದಲಿಸುತ್ತಿದ್ದಳು. ಹೋದೆವು. ಜಗುಲಿಯ ಮೇಲೆ ಕುರ್ಚಿ ಹಾಕಿ, ನಾಗರಾಜನ ಸೊಸೆ ಕಾವ್ಯ ಎಲ್ಲರಿಗೂ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಳು. ಎಲ್ಲರಿಗೂ ಒಂದೇ ಥರದ ಲೋಟ, ಕುಡಿದು ಬಿಸಾಡುವುದು, ಯಾರೂ ಯಾರದನ್ನೂ ತೊಳೆಯಬೇಕಾಗಿಲ್ಲ. ನನಗೆ ನಗು ಬಂತು, ಒಳ್ಳೆಯ ನಗುವಲ್ಲ.

“ಬನ್ನಿ ಚಿಕ್ಕಮ್ಮ, ಒಳಕ್ಕೆ ಬನ್ನಿ. ನಡುಮನೆ ನೋಡ್ಕೊಂಡ್ ಬರೋಣ,” ಎಂದ ನಾಗರಾಜ.

ಅಮ್ಮ ಕಾಫಿ ಊದಿಕೊಂಡು ಕುಡಿದಳು.

“ನಿಂತಿದ್ದಾಗ ಕರೀಲಿಲ್ಲ. ಬೀಳೋ ಮನೆಗೆ ಕರೀತೀಯೇನಪ್ಪ?”

ನಾಗರಾಜ ಪೆಚ್ಚಾಗಿ, ಅದನ್ನು ತಮಾಷೆಯ ಮೇಲೆ ಹಾಕಲು ಸೊಸೆಯ ಕಡೆ ತಿರುಗಿದ. ಕೆಟ್ಟ ಉದ್ದೇಶದಿಂದಲ್ಲ, ಅವನಿಗೆ ಅದೊಂದು ಮನೆತನದ ಕತೆ ಅಷ್ಟೆ.

“ನಮ್ ಚಿಕ್ಕಮ್ಮ ಏನು ಅಂದ್ಕೊಂಡಿದ್ದೀಯಮ್ಮ? ಒಂದ್ ಪ್ರಾರ್ಥನೆ ಮಾಡುದ್ರು, ಮೂವತ್ತು ತಟ್ಟೆ ಹುಳ ಮಲಕ್ಕೊಂಬಿಟ್ವು. ನಮ್ಮಪ್ಪ ಸಾಯೋವರ್ಗೂ ಹೇಳ್ತಿದ್ರು.”

ಕಾವ್ಯ ನಕ್ಕಳು. ನನ್ನ ಕೈಯಲ್ಲಿದ್ದ ಲೋಟ ಹಿಚುಕಿಹೋಗಿ ಕಾಫಿ ಚೆಲ್ಲಿತು.

“ಬಾಯ್ಮುಚ್ಚು ನಾಗರಾಜಣ್ಣ! ಆ ಸೊಪ್ಪಿಗೆ ನೀರು ಹುಯ್ದಿದ್ದು ನಾನು. ನಿಮ್ಮಪ್ಪ ಚೊಂಬು ಕೊಟ್ಟ. ಮೂರು ಸಲ ಚಿಮುಕಿಸು ಅಂದ, ನಾನು ಮೂರು ಚೊಂಬು ಹುಯ್ದೆ. ಚಾಡಿ ಹೇಳಿದ್ದೂ ನಾನೇ, ಹುಳ ಕೊಂದಿದ್ದೂ ನಾನೇ. ಅಮ್ಮ ಏನೂ ಮಾಡಿಲ್ಲ. ಏನೂ ಮಾಡಿಲ್ಲ!”

ನಾನು ಅಮ್ಮನ ಕಾಲಿನ ಹತ್ತಿರ ಕುಕ್ಕರಿಸಿದೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಅವಳು ನನ್ನ ಸೀರೆಯ ಮೇಲೆ ಚೆಲ್ಲಿದ್ದ ಕಾಫಿಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.

“ಕಲೆ ಆಗ್ತದೆ, ಕೂಡ್ಲೇ ನೀರು ಹಾಕ್ಬೇಕು. ಅವತ್ತೂ ಹಿಂಗೇ. ಲಂಗದ ಅಂಚೆಲ್ಲ ಅರಿಶಿನ. ಅತ್ತೆ ಕಣ್ಣಿಗೆ ಬೀಳೋಕ್ ಮುಂಚೆ ತಿಕ್ಕಿ ತಿಕ್ಕಿ ನನ್ ಕೈ ಸಿಪ್ಪೆ ಸುಲಿದೋಯ್ತು.”

“ಗೊತ್ತಿತ್ತಾ? ಅವತ್ತೇ ಗೊತ್ತಿತ್ತಾ ನಿಂಗೆ?”

“ನಿನ್ ಲಂಗ ಒಗೆದೋಳು ಯಾರು ಮತ್ತೆ?”

“ಯಾಕಮ್ಮ ಹೇಳಲಿಲ್ಲ? ಹನ್ನೆರಡು ವರ್ಷ!”

“ಹೇಳಿದ್ರೆ ಕೊಟ್ಟಿಗೆ ಗೂಡಲ್ಲಿ ಮೂರನೇ ತಟ್ಟೆ ಇಡೋರು. ನೀನು ಒಳಗೆ ಉಣ್ಣೋ ಮಗಳು. ಒಬ್ಬಳಾದ್ರೂ ಒಳಗಿರ್ಲಿ ಅಂದ್ಕೊಂಡೆ.”

ಇದನ್ನು ಓದುವವರಿಗೆ ಆಗ ನನ್ನ ಮನಸ್ಸು ಹಗುರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ನಾನು ಹೊತ್ತಿದ್ದನ್ನು ಅವಳು ನೋಡುತ್ತಲೇ ಇದ್ದಳು. ನನ್ನನ್ನು ಒಳಗೆ ಇಡಲು ತಾನು ಹೊರಗೆ ಮಲಗಿದಳು, ಆ ಒಳಗಾದರೂ ಎಂಥದ್ದು! ಆ ಮುದ್ದೆ, ಆ ಸಾರು, ಆ ದೊಡ್ಡಪ್ಪನ ಪಕ್ಕದ ಮಣೆ. ಆ ಊಟವನ್ನು ಇವತ್ತು ವಾಂತಿ ಮಾಡಿಬಿಡಲು ಆಗುವಂತಿದ್ದರೆ ಆ ಜಗುಲಿಯ ಮೇಲೇ ಮಾಡುತ್ತಿದ್ದೆ.

“ನನ್ನೂ ಕೊಟ್ಟಿಗೆಗೇ ಕರ್ಕೋಬೇಕಿತ್ತು ನೀನು,” ಎಂದೆ. ಹತ್ತು ವರ್ಷದ ಹುಡುಗಿಯ ದನಿ ಬಂತು, ನನಗೇ ಗುರುತು ಸಿಗಲಿಲ್ಲ.

ಅಮ್ಮ ನನ್ನ ತಲೆಯ ಮೇಲೆ ಕೈ ಊರಿ, ಕುರ್ಚಿಯಿಂದ ಎದ್ದಳು. ಹಜಾರದ ಕಡೆಗೂ ತಿರುಗಲಿಲ್ಲ, ನಡುಮನೆಯ ಕಡೆಗೂ ನೋಡಲಿಲ್ಲ. ನಿಧಾನವಾಗಿ ಅಂಗಳ ದಾಟಿ ಕೊಟ್ಟಿಗೆಗೆ ಹೋದಳು. ನಾನೂ ಹಿಂದೆಯೇ ಹೋದೆ. ದನವಿಲ್ಲದ ಕೊಟ್ಟಿಗೆ, ಅರ್ಧ ಹಂಚು ಉದುರಿತ್ತು. ಗೋಡೆಗೂಡಿಗೆ ಕೈ ಹಾಕಿ, ಧೂಳು ಜಾಡಿಸಿ, ಚಪ್ಪಟೆಯಾಗಿದ್ದ ಸಿಲವಾರದ ಎರಡು ಲೋಟ ಹೊರಗೆ ತೆಗೆದಳು. ಒಂದು ಅವಳದು, ಒಂದು ಪಾಪಕ್ಕನದು. ಯಾವುದು ಯಾರದು ಎಂದು ಈಗ ಅವಳಿಗೂ ತಿಳಿಯಲಿಲ್ಲ. ಒಂದನ್ನು ನನ್ನ ಕೈಗಿಟ್ಟಳು.

“ತಗೋ. ಈಗ ಬಂದ್ಯಲ್ಲ,” ಎಂದಳು.